ಒಂದು ಗಂಟೆಯೊಳಗೆ

ಆನೈಮಲೈ,
9 ಫೆಬ್ರವರಿ 2025, ಭಾನುವಾರ

ನನ್ನ ಕಣ್ಣು ಅಭಿನಯಾಳಿಗೆ ಅಜ್ಜಿಯ ಆಶೀರ್ವಾದ.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಪುಸ್ತಕ ಹಿಡಿದರೆ ಹಸಿವೇ ಮರೆಯುವವಳು ನೀನು. ನನ್ನ ಮಂಡಿನೋವು ಹಾಗೇ ಇದೆ, ಅದರ ಮಾತು ಬಿಡು. ಶುಕ್ರವಾರ ಕರು ಸತ್ತಿತೆಂದಾಗ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ.

ಇಲ್ಲಿ ಮನೆ ಮನೆಯಂತಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಕ್ಕೆಂದು ನೀನು ಊರಿನ ಹದಿನೈದು ಗಬ್ಬದ ಹಸುಗಳಿಗೆ ಲಸಿಕೆ ಹಾಕಿಸಿದೆ. ಅವುಗಳಿಗೆ ಹುಟ್ಟಿದ ಕರುಗಳಲ್ಲಿ ಕೆಮ್ಮಿ ಕೆಮ್ಮಿ ಸತ್ತದ್ದು ನಮ್ಮ ಕರು ಒಂದೇ. ನಿಮ್ಮಪ್ಪ ತಿರುಮೂರ್ತಿ ಕೊಟ್ಟಿಗೆಗೆ ಹೋಗಿ ಬಂದಾಗಲೆಲ್ಲ "ಇನ್ನ ನಮ್ಮ ದನಕ್ಕೆ ಅವಳ ಊಸಿ ಚುಚ್ಚೋದು ಬ್ಯಾಡ" ಅನ್ನುತ್ತಾನೆ. ಪಕ್ಕದ ಮನೆಯ ಅಂಗಪ್ಪನ್ ಮುಖ ತಿರುಗಿಸಿಕೊಂಡು ಓಡಾಡುತ್ತಾನೆ. ಲಸಿಕೆ ಸೋತಿತೆಂದು ಬರುವ ಬುಧವಾರ ಮೇಷ್ಟ್ರುಗಳ ಮುಂದೆ ವರದಿ ಓದಿ ಆ ಕೆಲಸವನ್ನೇ ಬಿಡುತ್ತೇನೆ ಅಂದೆಯಲ್ಲ, ಆವತ್ತಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ನೀನು ಜಗಲಿಯಲ್ಲಿ ಕೂತು ವಿವರಿಸಿದ್ದು ಈ ಮುದುಕಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಶ್ವಾಸಕೋಶ ಕೆಡಿಸುವ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನಿನಿಂದ ಮಾಡಿದ ಲಸಿಕೆ ಅದು. ಹಸುವಿನ ಮೈ ಆ ಗುರುತು ಹಿಡಿದು ಕಾವಲು ಕಟ್ಟುತ್ತದೆ. ಹುಟ್ಟಿದ ಕರುವಿಗೆ ಸ್ವಂತ ಕಾವಲಿರದು, ಗಿಣ್ಣದ ಹಾಲಿನಲ್ಲೇ ಅದು ಬರಬೇಕು. ಅದಕ್ಕೇ ಮೊದಲ ಒಂದು ಗಂಟೆಯೊಳಗೆ ಕುಡಿಸಿ ಅಂತ ನೀನು ಮನೆಮನೆಗೂ ಹೇಳಿ ಹೋಗಿದ್ದೆ.

ನಮ್ಮೂರ ಮಯಿಲ್‌ಸಾಮಿ ನಾಳೆ ತೆಂಗಿನಕಾಯಿ ಲಾರಿಯಲ್ಲಿ ನಿನ್ನ ಕಾಲೇಜಿನ ಊರಿನ ಕಡೆ ಬರುತ್ತಾನೆ, ಇದನ್ನು ಅವನ ಕೈಲೇ ಕೊಡುತ್ತೇನೆ. ನಾನು ಕಲಿಸಿದ ಕನ್ನಡ ಅಕ್ಷರ ಓದಲು ಈ ಮನೆಯಲ್ಲಿ ನಿನ್ನೊಬ್ಬಳಿಗೇ ಬರುವುದು. ಅದೇ ನನ್ನ ಧೈರ್ಯ.

ನಮ್ಮೂರ ದೇವಿ ಮಾಸಾಣಿಯಮ್ಮ ನಿನ್ನ ಕೈಬಿಡದಿರಲಿ.

ನಿನ್ನ ಅಜ್ಜಿ,
ಚಿನ್ನತಾಯಿ

ಬರೆಯಲು ಕೈ ಬಾರದೆ ಉಳಿದದ್ದು: ಕರು ಹುಟ್ಟಿದ ದಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹಸುವಿನ ಹೊಟ್ಟೆಯಿಂದ ಮಾಸುಚೀಲ ಬೀಳುವ ಮೊದಲು ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಮಾಸು ಒಳಗೇ ನಿಲ್ಲುತ್ತದೆಂದು ನಮ್ಮತ್ತೆ ಕಲಿಸಿದ್ದರು. ಹಸುವೇ ಹೋದೀತೆಂದು ಹೆದರಿ ಕರುವನ್ನು ದೂರ ಕಟ್ಟಿದೆ. ಮಾಸು ಬಿದ್ದದ್ದು ಮಾರನೆಯ ಮಧ್ಯಾಹ್ನ. ಅಲ್ಲಿಯತನಕ ಅದಕ್ಕೆ ಒಂದು ತೊಟ್ಟೂ ಸಿಗಲಿಲ್ಲ, ಕೂಗಿ ಕೂಗಿ ಸುಮ್ಮನಾಯಿತು. ನೀನು ಕೊಟ್ಟಿದ್ದ ಹಾಳೆಯಲ್ಲಿ 'ಒಂದು ಗಂಟೆಯೊಳಗೆ ಕುಡಿಯಿತು' ಅಂತ ಬರೆದೆ, ನೀನು ಬೈಯುತ್ತೀಯೆಂದು. ನಿಮ್ಮಪ್ಪನಿಗೆ ಹೇಳಲು ಇನ್ನೂ ಬಾಯಿ ಬಂದಿಲ್ಲ. ಬುಧವಾರ ಇದನ್ನು ನನ್ನ ಹೆಸರು ಹೇಳಿಯೇ ಓದು.