ಹಡಗು ಹತ್ತದವಳ ಅರ್ಜಿ

ಸವಣೂರು
ತಾ. ೨೮ ಜುಲೈ ೧೯೩೮

ಬಾಲ್ಯದ ಗೆಳತಿ ಶಾರವ್ವನಿಗೆ ಕುಲಸುಮಬಿ ಮಾಡುವ ಸಲಾಮುಗಳು.

ಚಿಕ್ಕೇರೂರಿನಲ್ಲಿ ನೀನು, ನಿನ್ನ ಯಜಮಾನರು, ಬಾಣಂತಿ ಮಗಳು, ಕೂಸು ಎಲ್ಲರೂ ನೆಟ್ಟಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಇದ್ದುದಕ್ಕೆ ಬೇಸರ ಮಾಡಬೇಡ. ಮೊದಲನೆಯದು ಬಂದಾಗ ನಾನು ಇದ್ದತ್ತಿನಲ್ಲಿ ಕೂತಿದ್ದೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಮ್ಮಲ್ಲಿ ಹೆಂಗಸು ಹೊಸ್ತಿಲು ದಾಟುವುದಿಲ್ಲ. ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ದಿನವೂ ಏನಾದರೂ ಬರೆದಿಡುವ ನನ್ನ ರೂಢಿ ನಿನಗೆ ಗೊತ್ತಲ್ಲ. ಆಗ ವಾರದ ಹೆಸರು ಬರೆದು ಪುಸ್ತಕ ಮುಚ್ಚುತ್ತಿದ್ದೆ, ಅಷ್ಟೇ. ಎರಡನೆಯ ಕಾಗದ ಬಂದಾಗ ಅರ್ಜಿಯ ಗದ್ದಲ ಸುರುವಾಗಿತ್ತು. ನಿನ್ನ ತಮ್ಮ ಹೂವಪ್ಪ ಅರ್ಧ ಕಥೆ ಹೇಳಿರಬೇಕು, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಉಳಿದರ್ಧ ನಾನು ಹೇಳುತ್ತೇನೆ.

ಹೋದ ಚಳಿಗಾಲದಲ್ಲಿ ನಾವು ಹಜ್ಜಿಗೆ ಹೊರಟೆವಲ್ಲ, ನಮ್ಮವರು, ನಾನು, ನನ್ನ ತಮ್ಮ ಮಜೀದ. ಹೊರಡುವ ಮೊದಲು ಮನೆಮನೆಗೆ ಹೋಗಿ, ಆಡಿದ್ದು ಅಂದದ್ದು ಎಲ್ಲ ಮಾಫ ಮಾಡಿರೆಂದು ಕೇಳುವುದು ಪದ್ಧತಿ. ಯಾರ ಮನಸ್ಸಿನಲ್ಲಿಯೂ ನಮ್ಮ ಮೇಲೆ ಮುನಿಸು ಉಳಿದಿರಬಾರದು. ನಮ್ಮವರು ವೀಳ್ಯದೆಲೆಯ ವ್ಯಾಪಾರದವರು. ಯಾವ ಕಾಲದಲ್ಲಿಯೋ ಬಾಡಿದ ಎಲೆ ಕೊಟ್ಟಿದ್ದೆನೆಂದು ಹಾನಗಲ್ಲಿನ ತನಕ ಹೋಗಿ ಒಬ್ಬ ಅಂಗಡಿಯವನ ಕೈ ಹಿಡಿದು ಬಂದರು. ನಾನು ನಿಮ್ಮಲ್ಲಿಗೆ ಬಂದಾಗ ನೀನು ಏನಂದೆ? "ಸಾಲ್ಯಾಗ ನನ್ನ ಬಳಪ ಕದ್ದೀದಿ. ಅದೊಂದ ಬಿಟ್ಟು ಎಲ್ಲಾ ಮಾಫ." ಮನೆಗೆ ಬಂದು ಹೇಳಿದರೆ ಇವರು ಕೆಮ್ಮು ಬರುವ ತನಕ ನಕ್ಕರು.

"ಊರ ಮಂದೀದೆಲ್ಲಾ ಆತು. ನನ್ನ ಮಾಫಿ ಯಾವಾಗ ಕೇಳ್ತೀರಿ?" ಎಂದೆ.

"ನಿಂದು ಹಡಗಿನ್ಯಾಗ. ಹತ್ತ ಹನ್ನೆರಡು ದಿನ ಅಲ್ಲಿ ಮತ್ತೇನ ಕೆಲಸೈತಿ? ನಿಂದು ಪಟ್ಟಿ ಉದ್ದ ಇರ್ತೈತಿ, ಸಾವಕಾಶ ಕುಂತು ಕೇಳಬೇಕು" ಎಂದರು.

ಮುಂಬಯಿಯ ಮುಸಾಫಿರಖಾನೆಯಲ್ಲಿ ಇವರಿಗೆ ಜ್ವರ ಬಂತು. ಹಡಗು ಹೊರಡುವ ದಿನ ಒಂದರ ಮೇಲೊಂದು ಎರಡು ಅಂಗಿ ತೊಟ್ಟು, ನಡುಕ ಕಾಣಬಾರದೆಂದು ಹಲ್ಲು ಕಚ್ಚಿ ಸಾಲಿನಲ್ಲಿ ನಿಂತರು. ಬಂದರಿನ ಡಾಕ್ಟರು ಪ್ರತಿಯೊಬ್ಬರನ್ನೂ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದರು. ಇವರ ಕುತ್ತಿಗೆ ಮುಟ್ಟಿದವರೇ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. ಮಜೀದನೂ ನಾನೂ ಪಾಸಾದೆವು. ಒಡಹುಟ್ಟಿದ ತಮ್ಮ ಜೊತೆಗಿದ್ದುದರಿಂದ ಗಂಡನಿಲ್ಲದೆ ಹೋಗುವುದಕ್ಕೂ ನಮ್ಮ ಧರ್ಮದ ತಡೆ ಇರಲಿಲ್ಲ. ಇವರು ದೂರದಿಂದ ಹೋಗಿರೆಂದು ಕೈ ಮಾಡುತ್ತಿದ್ದರು. ಮಜೀದ ಹತ್ತಿದ. ನಾನು ಸಾಲು ಬಿಟ್ಟು ಹೊರಗೆ ಬಂದೆ. ಮೂರನೆಯ ದಿನ ಇವರು ಹೋದರು. ಮುಂಬಯಿಯ ಮಣ್ಣಿಗೇ ಕೊಟ್ಟು ಬಂದೆ.

ನನ್ನ ಟ್ರಂಕು ಮೊದಲೇ ಹಡಗು ಸೇರಿತ್ತು. ಅದು ಮಕ್ಕಾ ನೋಡಿಕೊಂಡು ಮಜೀದನ ಸಂಗಡ ಮರಳಿ ಬಂತು. ನನ್ನ ತಾಯಿಯ ತಂಗಿ ಹಾಜರಾಬಿ ಖಾಲಾ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಮ್ಯಾಲಿನಾಂವ ಕರದವರಷ್ಟ ಹೋಗ್ತಾರವಾ. ಟ್ರಂಕ ಕರದ, ನಿನ್ನ ಕರೀಲಿಲ್ಲ" ಎಂದಳು.

"ಹಂಗಾರ ಟಿಕೀಟಿನ ರೊಕ್ಕಾನೂ ಟ್ರಂಕಿಗಷ್ಟ ತಗೋಬೇಕಿತ್ತು ಖಾಲಾ. ನನ್ನ ಕಡೆ ಯಾಕ ತಗೊಂಡ್ರು?" ಎಂದೆ. ಆದರೆ ಆಡಿದ ಮೇಲೆ ನನಗೇ ಅನಿಸಿತು, ಹೌದಲ್ಲ, ಯಾಕೆ ತೆಗೆದುಕೊಂಡರು?

ಇದ್ದತ್ತು ಮುಗಿದ ಮರುವಾರ ಶಿಗ್ಗಾಂವಿಗೆ ಹೋಗಿ, ಕಚೇರಿಯ ಮುಂದೆ ಅರ್ಜಿ ಬರೆಯುವ ಹೂವಪ್ಪನ ಎದುರು ಕೂತೆ. ಅವನು ಇಂಗ್ಲಿಷಿನಲ್ಲಿ ಒಳ್ಳೆಯ ಅರ್ಜಿ ಬರೆದ. ತಿಂಗಳ ಮೇಲೆ ಹಡಗಿನ ಕಂಪನಿಯ ಉತ್ತರ ಬಂತು. ತೀರಿದವರ ಟಿಕೀಟಿನ ಹಣ ವಾಪಸು ಕೊಡುತ್ತೇವೆ, ಅವರನ್ನು ಡಾಕ್ಟರೇ ತಡೆದದ್ದು. ಹೆಂಡತಿಯದು ಕೊಡುವುದಿಲ್ಲ. ಆಕೆಗೆ ಏನೂ ಆಗಿರಲಿಲ್ಲ, ಆಕೆ ತನ್ನ ಇಷ್ಟದಿಂದ ಉಳಿದಳು. ಹೀಗೆ.

ಹೂವಪ್ಪ ಎರಡು ಸಲ ಓದಿ, ಲೇಖನಿ ಕಿವಿಗೆ ಸಿಗಿಸಿಕೊಂಡ. "ಅಕ್ಕಾ, ನಿನಗೂ ಜ್ವರ ಇತ್ತಂತ ಒಂದು ಸಾಲು ಹಾಕ್ತೇನಿ. ಡಾಕ್ಟರ ಚೀಟಿ ಹುಟ್ಟಸೂದು ನನಗ ಬಿಡು."

"ಬ್ಯಾಡೋ. ನಾ ಆರಾಮ ಇದ್ನಿ. ಆರಾಮ ಇದ್ದಾಕೀನ ನಿಂತೇನಿ. ಹಂಗ ಬರಿ."

"ಹಂಗ ಬರದ್ರ ರೊಕ್ಕ ಬರೂದಿಲ್ಲ."

"ಬರದಿದ್ರ ಇನ್ನೊಂದು ಬರಿ."

"ನಿನ್ನಂಥಾ ಪಕ್ಷಗಾರರು ನಾಕ ಮಂದಿ ಇದ್ರ ಸಾಕು, ನಾನೂ ನಿಮ್ಮ ಎಲಿತೋಟದಾಗ ಕೂಲಿಗೆ ಬರಬೇಕಾಕ್ಕೈತಿ" ಎಂದು ಗೊಣಗಿದ. ಆದರೂ ಬರೆದ. ನಿನ್ನ ತಮ್ಮ ಒಳ್ಳೆಯವನು.

ಮಜೀದನಿಗೆ ಇದು ಸೇರಲಿಲ್ಲ. ಊರೆಲ್ಲ ಅವನನ್ನು ಹಾಜಿಸಾಬ ಎನ್ನುತ್ತಾರೆ, ನಾನು ಮಜ್ಯಾ ಎನ್ನುತ್ತೇನೆ. "ಅಲ್ಲಾನ ಹಾದ್ಯಾಗ ಕೊಟ್ಟ ರೊಕ್ಕ ತಿರುಗಿ ಕೇಳೂದು ಛಲೋ ಅಲ್ಲಕ್ಕಾ. ಮಂದಿ ನಗ್ತಾರ" ಎಂದ.

"ಅಲ್ಲಾಗ ನಾ ಏನೂ ಕೊಟ್ಟಿಲ್ಲೋ ಮಜ್ಯಾ, ಹಡಗಿನಾಂವಗ ಕೊಟ್ಟೇನಿ. ಅಂವಾ ಅಲ್ಲಾ ಅಲ್ಲ. ನಗೂ ಮಂದಿ ನಗಲಿ, ಅವರ ಹಲ್ಲಾರ ನೋಡೂಣು."

ತೋಟದಲ್ಲಿ ಈಗ ಎಲೆಬಳ್ಳಿ ಇಳಿಸಿ, ಮತ್ತೆ ಚಿಗುರಲೆಂದು ಮಣ್ಣಿನಲ್ಲಿ ಸುತ್ತಿಟ್ಟು ಮುಗಿಯಿತು. ಪ್ರತಿವರ್ಷ ಇವರೇ ನಿಂತು ಮಾಡಿಸುತ್ತಿದ್ದರು, ಈ ಸಲ ನಾನು ನಿಂತೆ. ಆಳುಗಳು ಮೊದಲ ದಿನ ನನ್ನನ್ನು ನೋಡಿ ಸುಮ್ಮನೆ ನಕ್ಕರು, ಎರಡನೆಯ ದಿನ ಕೆಲಸ ಮಾಡಿದರು.

ಪಂಚಮಿಗೆ ತವರಿಗೆ ಬರಲಾಗುವುದಿಲ್ಲವೆಂದು ಬರೆದಿದ್ದೀ. ಬಾಣಂತಿಯನ್ನು ಬಿಟ್ಟು ಹೇಗೆ ಬರುತ್ತೀ. ಹೂವಪ್ಪನ ಕೈಯಲ್ಲಿ ತಿನ್ನಲು ಕರಿದ ಖಾರಾ ಕಳಿಸಿದ್ದೇನೆ. ಪೊಟ್ಟಣ ಹಗುರಾಗಿದ್ದರೆ ಅವನನ್ನು ಕೇಳು. ಕೂಸಿಗೆ ನನ್ನ ಮುತ್ತು.

ನಿನ್ನ
ಕುಲಸುಮಬಿ


ಸವಣೂರು
ತಾ. ೬ ನವೆಂಬರ ೧೯೩೮

ಪ್ರೀತಿಯ ಶಾರವ್ವನಿಗೆ ಕುಲಸುಮಬಿಯ ಸಲಾಮು.

ದೀಪಾವಳಿಯ ಹಟ್ಟಿಹಬ್ಬಕ್ಕೆ ನೀನು ಕಳಿಸಿದ ಕರ್ಚಿಕಾಯಿ ಮುಟ್ಟಿದವು. ರೋಜಾ ತಿಂಗಳಾದ್ದರಿಂದ ಹಗಲು ಡಬ್ಬಿ ನೋಡುತ್ತ ಕೂತು ಸಂಜೆ ತಿಂದೆವು. ಹಾಜರಾಬಿ ಖಾಲಾಗೆ ಹಲ್ಲಿಲ್ಲ, ಆದರೂ ಮೂರು ತಿಂದಳು. ಉತ್ತರ ತಡವಾಯಿತು. ಈ ಸಲದ ನೆಪ ಹುಬ್ಬಳ್ಳಿ.

ಎರಡನೆಯ ಅರ್ಜಿಗೆ ಕಂಪನಿ ನೇರವಾಗಿ ಉತ್ತರ ಕೊಡಲಿಲ್ಲ, ಹುಬ್ಬಳ್ಳಿಯ ತಮ್ಮ ಏಜೆಂಟರನ್ನು ಕಾಣಿರಿ ಎಂದಿತು. ರೋಜಾ ಸುರುವಾಗುವ ಮೊದಲೇ ಯಲವಿಗಿಯಲ್ಲಿ ರೈಲು ಹತ್ತಿ ಹೋದೆವು, ಹೂವಪ್ಪ, ನಾನು, ಮುಖ ಗಂಟು ಹಾಕಿಕೊಂಡ ಹಾಜಿಸಾಬ. ಹೂವಪ್ಪ ಏಜೆಂಟರಿಗೆಂದು ಎರಡು ಸೇರು ಸವಣೂರು ಖಾರಾ ಕಟ್ಟಿಸಿಕೊಂಡಿದ್ದ. "ಬಾಯಿಗೆ ಖಾರಾ ಬಿದ್ರ ಮಾತು ಮೆತ್ತಗಾಗ್ತಾವಕ್ಕಾ" ಎಂದ.

ಏಜೆಂಟರು ಕೆಟ್ಟ ಮನುಷ್ಯರಲ್ಲ. ಕುರ್ಚಿ ಹಾಕಿಸಿ ಕೂಡಿಸಿದರು. ಖಾರಾದ ಪೊಟ್ಟಣ ಮೇಜಿನ ಮೇಲೆ ಕೂತಿತು.

"ನೋಡ್ರಿ ಬಾಯಿ, ರೂಲು ಅಂದ್ರ ರೂಲು" ಎಂದರು. "ಬ್ಯಾನಿ ಯಾರಿಗೆ ಇತ್ತೋ ಅವರ ರೊಕ್ಕ ವಾಪಸ. ನೀವು ಆರಾಮ ಇದ್ರಿ, ಯಾಕ ನಿಂತ್ರಿ?"

ನಾನು ಕೇಳಿದೆ, "ನಿಮ್ಮ ಮನಿಯವರಿಗೆ ಜ್ವರ ಬಂದು ಬಂದರಿನ್ಯಾಗ ಕುಂತ್ರ, ನೀವು ಹಡಗ ಹತ್ತತಿದ್ರೇನ್ರಿ?"

"ಅದು ಬ್ಯಾರೆ ಮಾತ ಆತು."

"ಅದ ಮಾತು ನೋಡ್ರಿ. ಬ್ಯಾರೆ ಯಾವ ಮಾತಿಗೂ ನಾ ಇಷ್ಟ ದೂರ ಬಂದಿಲ್ಲ."

ಹೂವಪ್ಪ ಕೆಮ್ಮಿದ. ಮಜೀದ ಛಾವಣಿ ನೋಡಿದ. ಏಜೆಂಟರು ಒಂದು ಕಾಗದ ತೆಗೆದರು. ನಾನು ನನ್ನ ಇಷ್ಟದಿಂದಲೇ ಪ್ರಯಾಣ ಬಿಟ್ಟೆನೆಂದೂ, ಕಂಪನಿಯವರು ವಿಧವೆಯ ಮೇಲಿನ ದಯೆಯಿಂದ ಕೊಡುವ ಅರ್ಧ ಹಣ ಒಪ್ಪಿಕೊಂಡೆನೆಂದೂ ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ. ಮಜೀದ ಬಗ್ಗಿ ನನ್ನ ಕಿವಿಯಲ್ಲಿ, "ಅರ್ಧ ಬಂದ್ರೂ ಬಂದಂಗಲ್ಲ? ಹಾಕಕ್ಕಾ" ಎಂದ.

ಲೇಖನಿ ತೆಗೆದುಕೊಂಡೆ. ಸಹಿಯ ಜಾಗದ ಮೇಲೆ ಕನ್ನಡದಲ್ಲಿ ಬರೆದೆ: ‘ನನಗೆ ಇಷ್ಟವಾದದ್ದು ಹೋಗುವುದು. ನನ್ನ ಗಂಡನನ್ನು ನೋಡಿಕೊಳ್ಳುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕೆ ಉಳಿದೆ. ದಯೆ ಬೇಡ, ನನ್ನ ಹಣ ಕೊಡಿರಿ.’ ಅದರ ಕೆಳಗೆ ಸಹಿ ಮಾಡಿದೆ. ಸಾಲೆಯಲ್ಲಿ ಕಲಿತ ಅದೇ ಗುಂಡು ಅಕ್ಷರ.

"ಕಾಗದ ಕೆಡಿಸಿದ್ರಲ್ಲ ಬಾಯಿ" ಎಂದರು ಏಜೆಂಟರು.

"ಕೆಟ್ಟದ್ದನ್ನ ಕಳಸ್ರಿ."

ಎದ್ದು ಬರುವಾಗ ಮೇಜಿನ ಮೇಲಿದ್ದ ಖಾರಾದ ಪೊಟ್ಟಣವನ್ನೂ ಎತ್ತಿಕೊಂಡು ಬಂದೆ. ಹೂವಪ್ಪನ ಮುಖ ನೀನು ನೋಡಬೇಕಾಗಿತ್ತು. ರೈಲಿನಲ್ಲಿ ಮೂವರೂ ಅದನ್ನೇ ತಿಂದೆವು. ಕುಂದಗೋಳ ದಾಟುವಾಗ ಮಜೀದ ನಗಲು ಸುರು ಮಾಡಿದ. "ಅಕ್ಕಾ, ನೀ ಹಡಗ ಹತ್ತಿದ್ರ ಕಪ್ತಾನನ್ನ ಕೆಳಗ ಇಳಸ್ತಿದ್ದಿ" ಎಂದ. ಮುಂಬಯಿಯಿಂದ ಈಚೆಗೆ ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಹೋದ ವಾರ ಮನಿಆರ್ಡರ್ ಬಂತು. ಅರ್ಧ ಹಣ. ಚೀಟಿಯಲ್ಲಿ, ಕಂಪನಿಯ ದಯಾಪೂರ್ವಕ ಸಹಾಯ ಎಂದು ಬರೆದಿತ್ತು. ಒಲ್ಲೆನೆಂದು ತಿರುಗಿ ಕಳಿಸಿದೆ. ತಪಾಲಿನ ಗುತ್ತೆಪ್ಪ ಕಟ್ಟೆಯ ಮೇಲೆ ಕೂತೇಬಿಟ್ಟ. "ರೊಕ್ಕ ಬರಲಿಲ್ಲಂತ ನನ್ನ ಬೈದವರು ಭಾಳ ಮಂದಿ ಅದಾರ್ರಿ. ಬಂದದ್ದಕ್ಕ ಬೈದವರು ನೀವ ಮೊದಲನೇದವರು" ಎಂದ. ಅವನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದೆ. ಮೂರನೆಯ ಅರ್ಜಿ ಬರೆಯಲು ಹೂವಪ್ಪನಿಗೆ ಹೇಳಿದ್ದೇನೆ. ಮಜೀದ ತಾನೇ ಶಿಗ್ಗಾಂವಿಗೆ ಹೋಗಿ, ಆ ದಿನ ಕಣ್ಣಾರೆ ಕಂಡದ್ದಕ್ಕೆ ಸಾಕ್ಷಿ ಬರೆಸುತ್ತೇನೆ ಎಂದಿದ್ದಾನೆ.

‘ತೋಟ ಇದೆ, ಉಣ್ಣಲು ಇದೆ, ಈ ಹಣಕ್ಕೆ ಇಷ್ಟು ಛಲ ಯಾಕೆ ಕುಲಸುಮಾ’ ಎಂದು ನೀನು ಕೇಳಿದ್ದೀ. ಬೇರೆ ಯಾರು ಕೇಳಿದ್ದರೂ ಜಗಳ ತೆಗೆಯುತ್ತಿದ್ದೆ. ನೋಡೋಣ, ಕೊನೆಗೆ ಜಾಗ ಉಳಿದರೆ ಬರೆಯುತ್ತೇನೆ.

ಕೂಸಿಗೆ ಹಲ್ಲು ಬಂದವೇ? ಅದರ ಆಯುಷ್ಯ ದೊಡ್ಡದಾಗಲಿ. ನಿನ್ನ ಮಗಳ ಮೈಯಲ್ಲಿ ಬಲ ತುಂಬಲಿ. ನಿಮ್ಮ ನೆಲದ ಹಗೇವಿನಲ್ಲಿ ಜೋಳ, ಮನೆಯಲ್ಲಿ ಮಾತು ಕಡಿಮೆಯಾಗದಿರಲಿ.

ನಿನ್ನವಳೇ ಆದ
ಕುಲಸುಮಬಿ

ತಾ. ಕ.: ಜಾಗ ಉಳಿದಿದೆ. ಹಡಗು ಹೋದ ಮೇಲೆ ಇವರು ನನ್ನ ಸಂಗಡ ಆಡಿದ್ದು ಒಂದೇ ಮಾತು. "ನೀ ಆರಾಮ ಇದ್ದಿ, ಯಾಕ ನಿಂತಿ?" ಎಂದು ಗೋಡೆಯ ಕಡೆ ಹೊರಳಿದರು. ತಮ್ಮಿಂದ ನನ್ನ ಹಜ್ ತಪ್ಪಿತೆಂದು ಸಿಟ್ಟು. ನೀರು ಹಾಕಿದರೆ ಕುಡಿದರು, ಮುಖ ಈ ಕಡೆ ತಿರುಗಿಸಲಿಲ್ಲ. ಜ್ವರ ಇಳಿಯಲಿ, ಆಮೇಲೆ ಹೇಳಿದರಾಯಿತೆಂದು ನಾನೂ ಸುಮ್ಮನೆ ಕಾಲು ಒತ್ತುತ್ತ ಕೂತೆ. ಹಾನಗಲ್ಲಿನ ತನಕ ಮಾಫಿ ಕೇಳಿ ಬಂದವರು ನಾವು. ನಾವಿಬ್ಬರು ಒಬ್ಬರನ್ನೊಬ್ಬರು ಕೇಳುವುದನ್ನು ಹಡಗಿಗೆಂದು ಉಳಿಸಿಕೊಂಡಿದ್ದೆವು. ಯಾಕೆ ನಿಂತೆ ಎಂಬುದಕ್ಕೆ ಉತ್ತರ ಹೇಳಲು ಈಗ ನನಗೆ ಕಂಪನಿಯೊಂದೇ ಉಳಿದಿದೆ ಶಾರವ್ವ. ಅವರು ಹೌದೆನ್ನುವ ತನಕ ಬರೆಯುತ್ತೇನೆ.

ಲಕೋಟೆಯಲ್ಲಿ ಒಂದು ಬಳಪ ಇಟ್ಟಿದ್ದೇನೆ. ತಪಾಲಿನಲ್ಲಿ ಮುರಿದಿದ್ದರೂ ಲೆಕ್ಕಕ್ಕೆ ಹಿಡಿ. ಅದನ್ನೂ ಮಾಫ ಮಾಡಿದೆನೆಂದು ಒಂದು ಸಾಲು ಬರೆ, ತಡ ಮಾಡಬೇಡ.