ಮರಕ್ಕೆ ಕಟ್ಟಿದ ಬನಿಯನ್ ಚೂರುಗಳು

ಹೆಬ್ಬಗೋಡಿ, ಭಾನುವಾರ, ೧೯೮೪

ಸಮಸ್ತ ಕಾಡುದಾರಿಗಳ ಏಕಚ್ಛತ್ರಾಧಿಪತಿ, ಕಡ್ಲೆಕಾಯಿ ಪೊಟ್ಟಣ ಪರಿಪಾಲಕ, ಶ್ರೀಮನ್ಮಹಾರಾಜ ಮುನಿರಾಜ ಭೂಪಾಲರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಸೇವಕನು ಇಂದು ಬನ್ನೇರುಘಟ್ಟದ ಕಾಡಿಗೆ ಒಬ್ಬನೇ ದಂಡೆತ್ತಿ ಹೋಗಿದ್ದನು. ಹಿಂದೆ ನಾವಿಬ್ಬರೂ ಅಲ್ಲಿ ತಿರುಗಾಡುತ್ತಿದ್ದಾಗ, ದಾರಿ ತಪ್ಪದಿರಲೆಂದು ತಾವು ಮರಗಳಿಗೆ ನಮ್ಮ ಕಾರ್ಖಾನೆಯ ಬನಿಯನ್ ಬಟ್ಟೆಯ ಚೂರುಗಳನ್ನು ಕಟ್ಟಿದ್ದಿರಿ. ತಮಾಷೆಗೆಂದು ನಾನು ಅವನ್ನು ಬಿಚ್ಚಿ ಕಣಿವೆಯ ಕಡೆಗೆ ಕಟ್ಟಿದ್ದೆ. ಅಂದು ಸಂಜೆಯವರೆಗೆ ಅಲೆದು ಬಂದ ತಾವು ನನ್ನೊಡನೆ ಮಾತು ಬಿಟ್ಟಿರಿ. ಆಮೇಲೆ ಕೆಲಸವನ್ನೂ ಬಿಟ್ಟು ಭದ್ರಾವತಿಗೆ ಹೋದಿರಿ.

ಇಂದು ಅವನ್ನೆಲ್ಲ ಮತ್ತೆ ಸರಿಯಾದ ದಾರಿಗೆ ಕಟ್ಟಿದೆ. ಕೊನೆಯದನ್ನು ಕಟ್ಟಿ, ಅಭ್ಯಾಸಬಲದಿಂದ ತಮ್ಮ ಹೆಸರು ಕೂಗಿದೆ. ಸೌದೆ ಹೊತ್ತ ಒಬ್ಬ ಅಜ್ಜಿ ಬಂದರು.

“ಯಾರ್ನಪ್ಪಾ ಕೂಗ್ತಿದ್ದೀಯ?”

“ನನ್ ಸ್ನೇಹಿತನ್ನ ಅಜ್ಜಿ. ಹಿಂದೆ ಬರ್ತಾವ್ನೆ.”

“ಅಂಗಾರೆ ಬರ್ಲಿ ಇರು. ಆನೆ ತಿರುಗೋ ಜಾಗ, ಒಬ್ಬನ್ನೇ ಬುಟ್ಟು ಓಗ್ಬಾರ್ದು,” ಎಂದು ಹೊರೆ ಇಳಿಸಿ ಕೂತರು.

ನನ್ನ ಸುಳ್ಳನ್ನು ನಂಬಿ ಅರ್ಧ ಗಂಟೆ ಕಾದರು. ಇಷ್ಟು ಸಲೀಸಾಗಿ ಯಾರನ್ನೂ ಏಮಾರಿಸಿದ್ದಿಲ್ಲ, ಪ್ರಭು.

ಒಂದೇ ಒಂದು ಅರಿಕೆ ಕಣೋ ಮುನಿ. ಅಜ್ಜಿ ಜೊತೆ ನಾನೂ ದಾರಿ ನೋಡ್ತಾ ಕಾದೆ.