ಅನ್ನ ಬರಲಿಲ್ಲ

ಉಪ್ಪಲ್, ಹೈದರಾಬಾದ್
೨೪ ಜುಲೈ ೧೯೮೪

ಪ್ರೀತಿಯ ಅಕ್ಕಾ,

ತಮ್ಮ ಸಿದ್ದರಾಮನ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಮಾವ ಆರಾಮ ಇದ್ದಾರೆ ತಾನೆ? ಪಂಚಮಿಗೆ ಕರೆಯಲು ಬರುತ್ತೀಯೋ ಇಲ್ಲವೋ ಎಂದು ನೀನು ಬರೆದ ಕಾರ್ಡು ಬಂದು ಎಂಟು ದಿನವಾಯಿತು. ಈ ಸಲವೂ ಆಗುವುದಿಲ್ಲ ಅಕ್ಕಾ. ಅಪ್ಪ ಅವ್ವ ಹೋದ ಮೇಲೆ ನಿನ್ನನ್ನು ಹಬ್ಬಕ್ಕೆ ಕರೆತರುವವನು ನಾನೊಬ್ಬನೇ, ಬಾರದೆ ಇದು ಮೂರನೆಯ ವರ್ಷ, ಎಲ್ಲ ಗೊತ್ತು. ಏನು ಮಾಡಲಿ, ಎರಡು ಬಸ್ಸು ಬದಲಿಸಿ ಶಾಲೆಯಿಂದ ಮನೆ ಸೇರಿದರೆ ಚಪ್ಪಲಿ ಬಿಡುವುದಕ್ಕೂ ಬೇಸರ.

ತವರಿನ ದಾರಿ ಕಾಯುವ ತಂಗಿಯ ಕಥೆ ನೆನಪಿದೆಯೇ? ಅದನ್ನು ನನಗೆ ಮೊದಲು ಹೇಳಿದವಳು ನೀನೇ, ನಿನ್ನ ಮದುವೆಯ ಹಿಂದಿನ ವರ್ಷ, ಜೋಳದ ಹೊಲದ ಅಟ್ಟದ ಮೇಲೆ ಹಕ್ಕಿ ಕಾಯುವಾಗ. ಪಂಚಮಿ ಬಂದಿದೆ, ತಂಗಿ ಬಾಗಿಲಲ್ಲಿ ನಿಂತು ಬಳೆಗಾರನನ್ನು ಕೇಳುತ್ತಾಳೆ, ಕಾಗೆಯನ್ನು ಕೇಳುತ್ತಾಳೆ: ನಮ್ಮಣ್ಣನ ಕಂಡಿರಾ? ನಾನು ಹೂಂ ಹೂಂ ಎನ್ನುತ್ತಿದ್ದೆ. ಅಷ್ಟರಲ್ಲಿ ಗುಬ್ಬಿಯ ಹಿಂಡು ಇಳಿಯುತ್ತಿತ್ತು, ನೀನು ಕವಣೆ ಹಿಡಿದು ಏಳುತ್ತಿದ್ದೆ. ಕಥೆ ಒಮ್ಮೆಯೂ ಮುಗಿಯಲಿಲ್ಲ.

ಈಗ ನಮ್ಮ ಕನ್ನಡ ಶಾಲೆಯ ಏಳನೆಯ ತರಗತಿಗೆ ಕಥೆ ಬರೆಯುವುದನ್ನು ಕಲಿಸುತ್ತಿದ್ದೇನೆ. ಕಥೆ ಕೇಳಿ ಬೆಳೆದ ನನಗೆ ಬರೆಯುವುದನ್ನು ಕಲಿಸುವುದು ಮಹಾ ಕಷ್ಟ. ಮೂವತ್ತೆಂಟು ಪುಸ್ತಕಗಳಲ್ಲೂ ಒಬ್ಬನೇ ರಾಜ, ಕೊನೆಗೆ ಗೆರೆ ಎಳೆದು ‘ನೀತಿ’. ಬೇಸತ್ತು ಇವತ್ತು ನಿನ್ನ ಕಥೆ ಹೇಳಿ, ಮುಂದಿನದನ್ನು ನೀವೇ ಕಟ್ಟಿರಿ ಎಂದೆ. ಬರೆದ ಕಥೆಗೆ ಹೂಂ ಅನ್ನುವವರು ಎದುರಿಗೆ ಇರುವುದಿಲ್ಲ, ಅದಕ್ಕೇ ಕಾರಣ ಗಟ್ಟಿಯಾಗಿರಬೇಕು ಎಂದೂ ಹೇಳಿದೆ. ಮಲ್ಲಪ್ಪ ಎಂಬ ಹುಡುಗ ಮೊದಲು ಎದ್ದು ಬೋರ್ಡಿನ ಮೇಲೆ ಬರೆದ: ‘ತಂಗಿ ಸಂಜೆಯವರೆಗೆ ಕಾದಳು. ಅನ್ನ ಬರಲಿಲ್ಲ.’ ತೆಲುಗಿನಲ್ಲಿ ಅಣ್ಣನನ್ನು ಹಾಗೆಯೇ ಬರೆಯುತ್ತಾರೆ. ಬೀದಿಯ ಬೋರ್ಡು ಓದಿ ಓದಿ ಅವನ ಕೈಗೆ ಅದೇ ರೂಢಿ. ಮುಂದಿನ ಸಾಲಿನ ನಲಿನಿ ಬಿಡುತ್ತಾಳೆಯೇ? “ಏ ಮಲ್ಲ್ಯಾ, ಅನ್ನ ಬರಲಿಲ್ಲಂದ್ರ ರೊಟ್ಟಿ ತಿನ್ನಂತ ಹೇಳೋ ಆಕಿಗಿ!” ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕು, ಒರೆಸಿ ‘ಅಣ್ಣ’ ಎಂದು ತಿದ್ದಿದೆ. ತಿದ್ದಿದ ಮೇಲೆ ಆ ಸಾಲು ಓದುವುದು ಯಾಕೋ ಕಷ್ಟವಾಯಿತು.

ನಲಿನಿಯೇ ಕೇಳಿದಳು, “ಸರ್, ಆ ಅಣ್ಣ ಯಾಕ ಬರಲಿಲ್ಲರಿ?”

ಯೋಚಿಸದೆ ಹೇಳಿಬಿಟ್ಟೆ, “ಕೆಲಸ ಭಾಳ ಇತ್ತವ್ವಾ. ದಣಿದಿದ್ದ.”

“ಅದು ಕಾರಣ ಅಲ್ರಿ ಸರ್, ನೆವ.”

ಗಂಟೆ ಹೊಡೆಯಿತು. ಗಟ್ಟಿ ಕಾರಣ ಯಾವುದೆಂದು ನೀವೇ ಬರೆದು ತನ್ನಿರಿ ಎಂದು ಹೊರಗೆ ಬಂದೆ. ಹನ್ನೆರಡು ವರ್ಷದ ಹುಡುಗಿಯ ಮಾತಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಲಿ ಹೇಳು.

ಸಿಟ್ಟಾಗಬೇಡ. ಮಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನದೊಂದು ಮುದ್ದು.

ನಿನ್ನ ತಮ್ಮ,
ಸಿದ್ದರಾಮ

ತಾ.ಕ. (೨೫ ಜುಲೈ): ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಮೇಲೆ ಆಗುವುದಿಲ್ಲ ಎಂದು ಬರೆದದ್ದನ್ನು ಹೊಡೆದು ಹಾಕಿಕೋ. ಭಾನುವಾರ ಬರುತ್ತೇನೆ, ಗಂಟು ಕಟ್ಟಿಕೊಂಡು ತಯಾರಿರು. ಇಂದು ಬೆಳಿಗ್ಗೆ ಮಕ್ಕಳು ಮೂವತ್ತೆಂಟು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಅಣ್ಣನ ದಾರಿಗೆ ಹೊಳೆ ಬಂದಿತ್ತು, ಊರಲ್ಲಿ ಕರ್ಫ್ಯೂ ಇತ್ತು, ಹಾವು ಕಚ್ಚಿತ್ತು. ಇಬ್ಬರು ಅವನನ್ನು ಜೈಲಿಗೆ ಹಾಕಿದ್ದರು, ಮಲ್ಲಪ್ಪ ಕೊಂದೇ ಬಿಟ್ಟಿದ್ದ. ದಣಿದಿದ್ದ ಎಂದು ಒಬ್ಬರೂ ಬರೆದಿರಲಿಲ್ಲ.